ಕದಿರಿ ಕಟ್ಟಿದ ಉಡಿದಾರ

ಹೆಂಗಸು ಗಂಟಲು ಹರಿದುಕೊಂಡರೂ ನಮ್ಮ ಕೇರಿಯಲ್ಲಿ ನ್ಯಾಯದ ಕಟ್ಟೆ ಸೇರುವುದಿಲ್ಲ. ಗಂಡಸು ಒಮ್ಮೆ ಕೆಮ್ಮಿದರೆ ಸಾಕು, ಕುಲದ ಯಜಮಾನ ರುಮಾಲು ಸುತ್ತಿಕೊಂಡು ಬಂದು ಕೂರುತ್ತಾನೆ. ಹೊಟ್ಟೆಯುರಿಗೆ ಹೇಳುತ್ತಿಲ್ಲ. ಕದಿರಿಯ ವಿಷಯದಲ್ಲಿ ಎರಡನ್ನೂ ಈ ಕಣ್ಣಿಂದಲೇ ಕಂಡಿದ್ದೇನೆ.

ಕದಿರಿ ಅಂದರೆ ಕದಿರಮ್ಮ, ನನ್ನ ಪಕ್ಕದ ಗುಡಿಸಲಿನವಳು. ನಾನು ಬೈರಮ್ಮ. ಇಬ್ಬರೂ ಲಕ್ಕೂರಿನ ಆಚೆ ಬಂಡೆಯ ಬುಡದಲ್ಲಿ ಜಲ್ಲಿ ಒಡೆಯುವವರು. ಜರ್ಮನಿಯವರ ಯುದ್ಧ ನಡೆಯುತ್ತಿದ್ದ ಕಾಲ. ಪಟಾಲಮ್ಮಿನ ಲಾರಿಗಳು ಓಡಾಡಿ ಓಡಾಡಿ ರಸ್ತೆ ಕಿತ್ತು ಬರುತ್ತಿತ್ತು. ಎಷ್ಟು ಜಲ್ಲಿ ಸುರಿದರೂ ಸಾಲುತ್ತಿರಲಿಲ್ಲ. ಬೆಳೆದವರ ಮನೆಯಿಂದ ಸರ್ಕಾರದವರು ರಾಗಿ ಅಳೆದುಕೊಂಡು ಹೋಗುತ್ತಿದ್ದರು. ಬೆಳೆಯದ ನಮಗೆ ಕಾಸು ಹಿಡಿದು ನಿಂತರೂ ರಾಗಿ ಸಿಗುತ್ತಿರಲಿಲ್ಲ.

ಕೂತು ಮಾಡುವ ಕೆಲಸ, ಇವರಿಗೇನು ಕಷ್ಟ ಅನ್ನುತ್ತಾರೆ ರಸ್ತೆಯಲ್ಲಿ ಹೋಗುವವರು. ಬಂದು ಕೂತು ನೋಡಲಿ. ಎಡಗೈಯಲ್ಲಿ ಹಗ್ಗದ ಸಿಂಬಿ, ಸಿಂಬಿಯೊಳಗೆ ಕಲ್ಲು, ಬಲಗೈಯಲ್ಲಿ ಸುತ್ತಿಗೆ. ಏಟು ತಪ್ಪಿದರೆ ಬೆರಳು ಹೋಯಿತು. ಬೆರಳಿಗೆ ಹಳೆ ಸೀರೆಯ ಚಿಂದಿ ಸುತ್ತಿಕೊಳ್ಳುತ್ತಿದ್ದೆವು. ಅದು ರಕ್ತದಲ್ಲಿ ನೆನೆದು, ಒಣಗಿ, ತೊಗಲಿನ ಹಾಗೆ ಗಟ್ಟಿಯಾಗುತ್ತಿತ್ತು. ಚೂರು ಹಾರಿ ಕಣ್ಣಿಗೆ ಬಿದ್ದರೆ ಬಾಣಂತಿ ಯಾರಾದರೂ ಬಂದು ಕಣ್ಣಿಗೆ ಹಾಲು ಹಿಂಡುತ್ತಿದ್ದರು. ಹತ್ತಿರದ ಶಿವಾರಪಟ್ಟಣದ ಶಿಲ್ಪಿಗಳ ಕೈಗೆ ಹೋದ ಕಲ್ಲು ದೇವರಾಗುತ್ತದೆ. ನಮ್ಮ ಕೈಗೆ ಬಂದದ್ದು ಲಾರಿಯ ಗಾಲಿಯ ಕೆಳಗೆ ಬೀಳುತ್ತದೆ.

ಕದಿರಿಯನ್ನು ಶ್ರೀನಿವಾಸಪುರದ ಕಡೆಯ ಗಂಗುಲಪ್ಪನಿಗೆ ಕೊಟ್ಟಿದ್ದರು. ಅವಳು ಬಸುರಿಯಾದಾಗ ಅವನು ಇನ್ನೊಬ್ಬಳನ್ನು ಕಟ್ಟಿಕೊಂಡ. ಇವಳನ್ನು ಹೊಟ್ಟೆಯ ಸಮೇತ ಹೊರಗೆ ದಬ್ಬಿದ. ಇವಳು ತವರಿಗೆ ಬಂದಳು. ಬಂದ ವರ್ಷವೇ ಅಪ್ಪ ಸತ್ತ. ಅಣ್ಣತಮ್ಮಂದಿರು ಇಲ್ಲ. ಹೆಣ್ಣು ಕೂಸು ಹುಟ್ಟಿತು. ಚೌಡಿ ಅಂತ ಹೆಸರಿಟ್ಟಳು.

ಈ ಹೆಸರಿಡುವ ದಿನದ ಮಾತು ಹೇಳಲೇಬೇಕು. ನಮ್ಮ ಕುಲದಲ್ಲಿ ಕೂಸಿಗೆ ಉಡಿದಾರ ಅಪ್ಪನಿಂದಲೇ ಬರಬೇಕು. ಅಪ್ಪ ಬಂದು ಸೊಂಟಕ್ಕೆ ಕಟ್ಟುತ್ತಾನೆ. ಬರಲಾಗದಿದ್ದರೆ ಕಳಿಸುತ್ತಾನೆ, ಯಜಮಾನ ಅದನ್ನು ಕಟ್ಟೆಯ ಮುಂದೆ ತೋರಿಸುತ್ತಾನೆ. ದಾರ ಬಂದರೆ ಕೂಸು ಕುಲದ್ದು. ಬಾರದಿದ್ದರೆ ಕೂಸೂ ಹೊರಗೆ, ಹೆತ್ತವಳೂ ಹೊರಗೆ. ಕದಿರಿಯ ಕೂಸಿಗೆ ದಾರ ಬರುವುದಿಲ್ಲ ಅಂತ ಇಡೀ ಕೇರಿ ಬಾಯಿ ಚಪ್ಪರಿಸಿಕೊಂಡು ಕಾಯುತ್ತಿತ್ತು. ಕದಿರಿ ಮಡಿಲಿಂದ ಕರಿದಾರ ತೆಗೆದು, "ಅವ್ರು ಕಳಿಸವ್ರೆ" ಅಂದಳು. ಎಲ್ಲರ ಬಾಯಿ ಮುಚ್ಚಿತು. ನಾನೂ ನಂಬಿದೆ. ಪರವಾಗಿಲ್ಲವೇ, ಆ ಹಡಬೆಗೂ ಒಂದು ತೊಟ್ಟು ನೀತಿ ಇದೆ ಅಂದುಕೊಂಡೆ.

ಚೌಡಿ ನಡೆಯಲು ಕಲಿತ ವರ್ಷ ಮಳೆ ಕೈಕೊಟ್ಟಿತು. ಕದಿರಿ ಯಜಮಾನ ಪೆದ್ದಪ್ಪನ ಬಾಗಿಲಿಗೆ ಹೋದಳು. ನಾನೂ ಜೊತೆಗೆ ಹೋಗಿದ್ದೆ.

"ಯಜಮಾನಪ್ಪಾ, ಕಟ್ಟೆ ಕರೀರಿ. ಕೂಸಿಗೆ ಹೊಟ್ಟೆಗಾಗುವಷ್ಟು ರಾಗಿ ಕೊಡೋಕೆ ಅದರಪ್ಪಂಗೆ ಹೇಳ್ರಿ. ನಂಗೇನೂ ಬೇಡ" ಅಂದಳು.

ಪೆದ್ದಪ್ಪ ಎಲೆಯಡಿಕೆ ಉಗಿದ. "ಗಂಡ ಹೆಂಡ್ತಿ ವಿಚಾರ ಕಣಮ್ಮ. ಇದರಲ್ಲಿ ಕಟ್ಟೆ ಬರಂಗಿಲ್ಲ."

ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಅವಳು ಕೋಲಾರದ ಮೇಲೆ ಶ್ರೀನಿವಾಸಪುರದವರೆಗೂ ನಡೆದುಕೊಂಡೇ ಹೋದಳು. ಗಂಗುಲಪ್ಪ ಬಾಗಿಲಲ್ಲೇ ನಿಲ್ಲಿಸಿದ. "ಯಾವೋನ್ದೋ ತಂದು ನನ್ನ ಬಾಗಿಲಿಗೆ ಹಾಕ್ಬೇಡ, ನಡಿ" ಅಂದನಂತೆ. ಒಳಗಿದ್ದವಳು ನಕ್ಕಳಂತೆ. ಕದಿರಿ ಪಾದ ಒಡೆದುಕೊಂಡು ವಾಪಸು ಬಂದು, ಮಾರನೆಯ ಬೆಳಗ್ಗೆ ಸುತ್ತಿಗೆ ಹಿಡಿದು ಕೂತಳು. ಮಾಲೂರಿನ ಕಚೇರಿಗೂ ಒಂದು ಸಲ ಹೋದಳು. ಜವಾನ ಮೆಟ್ಟಿಲು ಹತ್ತಲು ಬಿಡಲಿಲ್ಲ. ಅಷ್ಟಕ್ಕೆ ಅಪ್ಪನ ಋಣ ಮುಗಿಯಿತು ಅಂತ ಬಿಟ್ಟಳು.

ಕೂಸು ಬೆಳೆಯಿತು. ತನ್ನ ಪಾಲಿನ ಮುದ್ದೆಯನ್ನು ಅದಕ್ಕಿಟ್ಟು ಕದಿರಿ ಅಂಬಲಿ ಕುಡಿದು ಮಲಗುವುದನ್ನು ನಾನೇ ನೋಡಿದ್ದೇನೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಮೇಲೆ ಚೌಡಿ ಮಂಕರಿಯಲ್ಲಿ ಜಲ್ಲಿ ಹೊರುವಷ್ಟಾದಳು. ಮಾತಿನಲ್ಲಿ ಬಲು ಚುರುಕು. ಮೇಸ್ತ್ರಿಯ ನಡಿಗೆಯನ್ನು ಅಣಕಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದಳು.

ಕೂಸು ಮಂಕರಿ ಹೊರುವಷ್ಟಾಯಿತು ಅಂತ ತಿಳಿದ ಮೇಲೆ ಗಂಗುಲಪ್ಪ ಬಂದ.

ಒಬ್ಬನೇ ಬರಲಿಲ್ಲ. ಗಾಡಿಯಲ್ಲಿ ಬಂದ. ಗಾಡಿ ಅವನದ್ದಲ್ಲ, ಅವನ ಸೀಮೆಯ ಗೌಡರದು. ಹೊಡೆದುಕೊಂಡು ಬಂದವನು ಆ ಗೌಡರ ಆಳುಕಾಳು ನೋಡಿಕೊಳ್ಳುವ ಸೊಣ್ಣಪ್ಪ. ಕಟ್ಟೆಯ ಪಕ್ಕದ ಹುಣಸೆಮರದಡಿ ಗಾಡಿ ಬಿಟ್ಟ. ಎತ್ತುಗಳಿಗೆ ಹುಲ್ಲು ಹಾಕಿದ. ಆಮೇಲೆ ಗಾಡಿಯ ಮೂಕಿಯ ಮೇಲೆ ಕೂತು ಹಗ್ಗ ಹೊಸೆಯತೊಡಗಿದ. ಯಾರನ್ನೂ ಮಾತಾಡಿಸಲಿಲ್ಲ.

ನಮ್ಮ ಜೊತೆಯೇ ಜಲ್ಲಿ ಒಡೆಯುವ ಮುತ್ಯಾಲಮ್ಮ ಬೆಳಗ್ಗೆ ನೀರಿಗೆ ಹೋಗಿದ್ದವಳು ಅವನನ್ನು ನೋಡಿ, ಬರಿ ಕೊಡ ಹಿಡಿದುಕೊಂಡೇ ಬಂಡೆಯ ಹತ್ತಿರ ಓಡಿ ಬಂದಳು.

"ಅದೇ ಗಾಡಿ ಕಣೇ ಬೈರಿ. ಅದೇ ಗಾಡಿ" ಅಂದಳು.

ಹಿಂದಿನ ವರ್ಷ ಮುತ್ಯಾಲಮ್ಮನ ಗಂಡ ಅದೇ ಗೌಡರ ಹತ್ತಿರ ಸಾಲ ತೆಗೆದು ಮಗಳನ್ನು ಜೀತಕ್ಕೆ ಬಿಟ್ಟಿದ್ದ. ಚೌಡಿಗಿಂತ ಒಂದು ಗೇಣು ಎತ್ತರದ ಹುಡುಗಿ. ಆ ಗಾಡಿಯಲ್ಲೇ ಹೋದಳು. ಸುಗ್ಗಿಯ ಹೊತ್ತಿಗೆ ಸುದ್ದಿ ಬಂತು: ಬಾವಿಗೆ ಜಾರಿ ಬಿದ್ದಳು. ಹೆಣವನ್ನೂ ಅವರೇ ಸುಟ್ಟಿದ್ದರು. ನಮ್ಮಲ್ಲಿ ಹೂಳುತ್ತಾರೆ, ಸುಡುವುದಿಲ್ಲ. ಯಾಕೆ ಸುಟ್ಟರು ಅಂತ ಕೇಳುವ ಗಂಡಸು ಕೇರಿಯಲ್ಲಿ ಹುಟ್ಟಿರಲಿಲ್ಲ.

ಮುತ್ಯಾಲಮ್ಮ ಇನ್ನೂ ಏದುಸಿರು ಬಿಡುತ್ತಿದ್ದಾಗಲೇ ಕೋಲ್ಕಾರ ಬಂದ. ಕಟ್ಟೆಯ ಕರೆ ಹೊತ್ತು ತಿರುಗುವುದೇ ಅವನ ಕೆಲಸ.

"ಕದಿರಮ್ಮಾ, ಕಟ್ಟೆ ಕರೆದೈತೆ. ಕೂಸನ್ನ ಕರ್ಕೊಂಡು ಬಾ. ಅದರಪ್ಪ ಬಂದವ್ನೆ."

"ಏನಂತೆ?"

"ಕೂಸು ಅವಂದಲ್ವಾ? ಕರ್ಕೊಂಡು ಹೋಗ್ತಾನಂತೆ. ಗೌಡ್ರ ಮನೇಲಿ ಬಿಡ್ತಾನಂತೆ. ಎರಡು ಹೊತ್ತು ಅನ್ನ ಸಿಕ್ತದೆ ಬಿಡಮ್ಮ."

ನೋಡಿ, ರಾಗಿ ಕೇಳಿದಾಗ ಸೇರದ ಕಟ್ಟೆ ಈಗ ಬಿಸಿಲೇರುವುದರೊಳಗೆ ಸೇರಿತ್ತು. ಪೆದ್ದಪ್ಪನ ಹೆಗಲ ಮೇಲೆ ಹೊಸ ವಲ್ಲಿ ಬೇರೆ. ಅದೆಲ್ಲಿಂದ ಬಂತು ಅಂತ ಅವನ ಹೆಂಡತಿಯನ್ನು ಕೇಳಬೇಕಾಗಿರಲಿಲ್ಲ.

ದಾರಿಯಲ್ಲಿ ಕದಿರಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಚೌಡಿ ಮುಂದೆ ಹೋಗುತ್ತಿದ್ದಳು.

"ಬೈರಕ್ಕಾ, ಉಡಿದಾರ ಅವನು ಕಳಿಸಿರಲಿಲ್ಲ. ಮಾಲೂರು ಸಂತೇಲಿ ನಾನೇ ತಂದದ್ದು."

ಮಾನ ಉಳಿಸಿಕೊಳ್ಳಲು ಒಂದು ಸುಳ್ಳು ಹೇಳಿದ್ದಳು. ನಮ್ಮ ಕೇರಿಯ ಯಾವ ಹೆಂಗಸಾದರೂ ಅದನ್ನೇ ಹೇಳುತ್ತಿದ್ದಳು. ಆ ಸುಳ್ಳೇ ಈಗ ಗಂಗುಲಪ್ಪನನ್ನು ಅಪ್ಪನನ್ನಾಗಿ ಮಾಡಿ ಕೂರಿಸಿತ್ತು.

"ಬಾಯಿ ಬಿಡಬೇಡ ಕಣೇ. ಹೇಳಿದ್ರೆ ಕುಲದಿಂದ ಹೊರಗೆ ಹಾಕ್ತಾರೆ. ಬೆಂಕಿ ಕೊಡಲ್ಲ, ನೀರು ಕೊಡಲ್ಲ. ಸತ್ರೆ ಹೆಣಕ್ಕೆ ಹೆಗಲು ಕೊಡಲ್ಲ" ಅಂದೆ.

"ಹೇಳ್ದೇ ಇದ್ರೆ?" ಅಂದಳು ಕದಿರಿ.

ಹುಣಸೆಮರದ ಕಡೆ ನೋಡಿದೆ. ಸೊಣ್ಣಪ್ಪ ಹೊಸೆದ ಹಗ್ಗವನ್ನು ಎಳೆದು ಗಟ್ಟಿ ಇದೆಯೇ ಅಂತ ನೋಡುತ್ತಿದ್ದ.

ಕಟ್ಟೆಯ ಹತ್ತಿರ ಹೆಂಗಸರಿಗೆ ಒಂದು ಗೆರೆ ಇದೆ. ಸುಣ್ಣದಲ್ಲಿ ಎಳೆದಿರುತ್ತಾರೆ. ಅದರ ಆಚೆಗೇ ತಲೆಯ ಮೇಲೆ ಸೆರಗು ಹೊದ್ದು ನಿಲ್ಲಬೇಕು. ಯಜಮಾನನ ಹತ್ತಿರ ನೇರ ಮಾತಾಡುವಂತಿಲ್ಲ. ಕೋಲ್ಕಾರನಿಗೆ ಹೇಳಬೇಕು, ಅವನು ಹೋಗಿ ಯಜಮಾನನಿಗೆ ಹೇಳಬೇಕು. ಹತ್ತು ಮಾರು ದೂರವೂ ಇಲ್ಲ, ಕಿವಿಗೆ ಬೀಳುತ್ತದೆ. ಆದರೂ ಕೇಳಿಸದವನ ಹಾಗೆ ಯಜಮಾನ ಮೀಸೆ ತೀಡುತ್ತಾ ಕೂತಿರುತ್ತಾನೆ.

ಗಂಗುಲಪ್ಪ ಕಟ್ಟೆಯ ಮೇಲೆ ಕೂತಿದ್ದ. ಗಂಡಸಲ್ಲವೇ! ಬೆಳಗ್ಗೆಯೇ ಕುಡಿದಿದ್ದ. ಚೌಡಿಯನ್ನು ಕಂಡು, "ರಾ ಪಾಪಾ, ನಿಮ್ಮಪ್ಪನ ಹತ್ರ ಬಾ" ಅಂತ ಕೈ ಚಾಚಿದ. ಚೌಡಿ ಬುದ್ಧಿ ಬಂದಾಗಿನಿಂದ ಅವನನ್ನು ನೋಡಿದವಳಲ್ಲ. ನನ್ನ ಸೀರೆಯ ಹಿಂದೆ ಸರಿದಳು.

"ನನ್ನ ಕೂಸು ಯಜಮಾನ್ರೇ. ನನ್ನ ಹಕ್ಕು. ಎಲ್ಲಿ ಬಿಡಬೇಕೋ ಅಲ್ಲಿ ಬಿಡ್ತೀನಿ" ಅಂದ ಗಂಗುಲಪ್ಪ.

ಕದಿರಿ ಕೋಲ್ಕಾರನಿಗೆ ಹೇಳಿದಳು: "ಇಷ್ಟು ವರ್ಷ ಒಂದು ಹಿಡಿ ರಾಗಿ ಕೊಡದೋನು ಇವತ್ತು ಯಾವ ಮುಖ ಹೊತ್ಕೊಂಡು ಬಂದ ಅಂತ ಕೇಳು."

ಕೋಲ್ಕಾರ ಹೋಗಿ, "ಸ್ವಾಮಿ, ಆಯಮ್ಮ ಏನೋ ಕಷ್ಟಸುಖ ಹೇಳ್ಕೊಂತಾವ್ಳೆ" ಅಂದ.

"ಸಾಕಿದ್ದು ಅವಳ ಪುಣ್ಯ. ಕೂಸು ಅಪ್ಪಂದು" ಅಂದ ಪೆದ್ದಪ್ಪ.

"ನಾನು ಅವನ ಬಾಗಿಲಿಗೆ ಹೋದಾಗ ಯಾವೋನ್ದೋ ಕೂಸು ಅಂದ. ಅದನ್ನೂ ಕೇಳು."

ಕೋಲ್ಕಾರ ಹೋಗಿ, "ಹಿಂದೆ ಏನೋ ಬಾಯಿಮಾತು ನಡೆದಿತ್ತಂತೆ" ಅಂದ.

"ಸಿಟ್ನಲ್ಲಿ ಅಂದಿರ್ತೀನಿ. ಗಂಡಸು ಅನ್ನಲ್ವಾ?" ಅಂದ ಗಂಗುಲಪ್ಪ. ಕಟ್ಟೆಯ ಮೇಲಿದ್ದವರು ತಲೆಯಾಡಿಸಿದರು. ಎಲ್ಲರೂ ಯಾವಾಗಲೋ ಅಂದವರೇ.

ಪೆದ್ದಪ್ಪ ಕೋಲು ಕುಟ್ಟಿದ. "ಮಾತು ಬೆಳೆಸೋದು ಬೇಡ. ಉಡಿದಾರ ಅಪ್ಪಂದೇ ಅಂತ ಇವಳೇ ಈ ಕಟ್ಟೆ ಮುಂದೆ ಹೇಳವ್ಳೆ. ನಾನೇ ಎತ್ತಿ ತೋರ್ಸಿದೀನಿ. ಏನಯ್ಯಾ ಗಂಗುಲಪ್ಪ, ದಾರ ಕಳ್ಸಿದ್ಯಲ್ಲ?"

ಗಂಗುಲಪ್ಪ ಮಿಕಮಿಕ ನೋಡಿದ. ಯಾವ ದಾರ, ಎಂಥ ದಾರ ಅವನಿಗೆ ಗೊತ್ತೇ ಇರಲಿಲ್ಲ. ಸೊಣ್ಣಪ್ಪ ಮರದಡಿಯಿಂದಲೇ ಒಮ್ಮೆ ಗಂಟಲು ಸರಿಮಾಡಿಕೊಂಡ.

"ಹೂಂ ಹೂಂ, ಕಳ್ಸಿದ್ದೆ. ಕರಿದಾರ" ಅಂದ ಗಂಗುಲಪ್ಪ.

ಅಬ್ಬಾ, ಏನು ಜಾಣ! ಊರಿನ ಯಾವ ಕೂಸಿನ ಸೊಂಟದಲ್ಲಿ ಕರಿದಾರ ಇಲ್ಲ ಹೇಳಿ!

"ಯಾರ ಕೈಲಿ ಕಳಿಸಿದ ಅಂತ ಕೇಳು" ಅಂದಳು ಕದಿರಿ. ಕೋಲ್ಕಾರ ಈ ಸಲ ಹೋಗಲೇ ಇಲ್ಲ. ಪೆದ್ದಪ್ಪ ಆಗಲೇ ಎದ್ದು ನಿಂತಿದ್ದ.

"ತೀರ್ಮಾನ ಆಯ್ತು. ಕೂಸನ್ನ ಗಾಡಿಗೆ ಹತ್ತಿಸಿ."

ಕೋಲ್ಕಾರ ನನ್ನ ಹಿಂದಿದ್ದ ಚೌಡಿಯ ರಟ್ಟೆ ಹಿಡಿದ. ಹುಡುಗಿ ಕಿರುಚಿದಳು. ನನ್ನ ಸೀರೆ ಪರ್ರನೆ ಹರಿಯಿತು. ಸೊಣ್ಣಪ್ಪ ಎದ್ದು ಎತ್ತುಗಳಿಗೆ ನೊಗ ಹೂಡತೊಡಗಿದ. ಅವನಿಗೆ ಅವಸರವೇ ಇರಲಿಲ್ಲ. ಕುರಿ ಕೊಂಡವನು ಕಾದ ಹಾಗೆ ಕಾದಿದ್ದ.

ಆಗ ಕದಿರಿ ಗೆರೆ ದಾಟಿದಳು.

ಓಡಲಿಲ್ಲ. ನಡೆದಳು. ಕಟ್ಟೆಯ ಮೇಲೆ ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು. ನಮ್ಮ ಕಟ್ಟೆಯ ಮೇಲೆ ಹೆಂಗಸಿನ ಪಾದ ಅದೇ ಮೊದಲು. ಗಂಡಸರು ಬೆಂಕಿ ಬಿದ್ದವರ ಹಾಗೆ ಹಿಂದಕ್ಕೆ ಸರಿದರು. ಸೆರಗು ತಲೆಯಿಂದ ಜಾರಿತ್ತು. ಸರಿಮಾಡಿಕೊಳ್ಳಲಿಲ್ಲ.

"ಪೆದ್ದಪ್ಪಾ, ನನ್ನ ಮಾತು ನನ್ನ ಬಾಯಿಂದಲೇ ಕೇಳು. ಆ ದಾರ ಇವನು ಕಳಿಸಿಲ್ಲ. ನಾನು ತಂದೆ. ಸುಳ್ಳು ಹೇಳ್ದೆ."

ಗದ್ದಲವೆದ್ದಿತು. ಯಾರೋ ಉಗುಳಿದರು. ಪೆದ್ದಪ್ಪನ ಮುಖ ಕಪ್ಪಿಟ್ಟಿತು.

"ಹಂಗಾದ್ರೆ ಹಾದರಕ್ಕೆ ಹುಟ್ಟಿದ್ದು ಅಂತ ಒಪ್ಕೊಂತೀಯೇನೇ?"

"ಏನಂತಾದ್ರೂ ಬರ್ಕೊ. ಕಣ್ಣೀರಿಟ್ಟು ಕೇಳಿದಾಗ ಇವನು ಅಪ್ಪ ಅಲ್ಲ ಅಂದ. ನೀನು ಕಟ್ಟೆ ಕರೀಲಿಲ್ಲ. ಈಗ ನಾನು ಅಂತೀನಿ, ನನ್ನ ಮಗಳಿಗೆ ಅಪ್ಪ ಇಲ್ಲ. ಇಲ್ಲದ ಅಪ್ಪ ಕೂಸನ್ನ ಗಾಡಿಗೆ ಹತ್ತಿಸಂಗಿಲ್ಲ."

"ಕುಲದಿಂದ ಹೊರಗೆ ಬೀಳ್ತೀಯ!"

"ಬೀಳ್ತೀನಿ. ನನ್ನ ಮಗಳು ಬಾವಿಗೆ ಬೀಳಲ್ಲ."

ಗೆರೆಯ ಆಚೆ ನಿಂತಿದ್ದ ಮುತ್ಯಾಲಮ್ಮ ಗಟ್ಟಿಯಾಗಿ ಅತ್ತುಬಿಟ್ಟಳು. ಅವಳ ಗಂಡ ಕಟ್ಟೆಯ ಮೇಲೆಯೇ ಇದ್ದ. ತಲೆ ಎತ್ತಲಿಲ್ಲ.

ಪೆದ್ದಪ್ಪ ತನ್ನ ಬಲೆಯಲ್ಲಿ ತಾನೇ ಸಿಕ್ಕಿಕೊಂಡಿದ್ದ. ದಾರ ಇಲ್ಲದ ಕೂಸು ಕುಲದ್ದಲ್ಲ. ಕುಲದ್ದಲ್ಲದ ಕೂಸನ್ನು ಯಾರಿಗೂ ಕೊಡಿಸುವ ಅಧಿಕಾರ ಕಟ್ಟೆಗಿಲ್ಲ. ಅವರ ಕಾನೂನೇ ಅದು. ಕೋಲ್ಕಾರ ಚೌಡಿಯ ರಟ್ಟೆ ಬಿಟ್ಟ. ಐದು ಬೆರಳೂ ಅಲ್ಲಿ ಮೂಡಿದ್ದವು.

ಸೊಣ್ಣಪ್ಪ ನಿಧಾನವಾಗಿ ಕಟ್ಟೆಯ ಹತ್ತಿರ ಬಂದ. ಮೊದಲ ಸಲ ಅವನ ದನಿ ಕೇಳಿದೆವು. ತೀರಾ ಮೆತ್ತನೆಯ ದನಿ.

"ಗಂಗುಲಪ್ಪಾ, ಗೌಡ್ರು ಗಾಡಿ ಖಾಲಿ ತರಬೇಡ ಅಂದವ್ರೆ. ಮುಂಗಡ ಈಸ್ಕೊಂಡೋನು ನೀನು. ಹತ್ತು."

"ಸೊಣ್ಣಣ್ಣಾ, ನಾನು ಕೂಸು ಕೊಡ್ತೀನಿ ಅಂದಿದ್ದೆ..."

"ಕೂಸೆಲ್ಲಿದೆ? ಹತ್ತು."

ಗಂಗುಲಪ್ಪನ ಅಮಲು ಇಳಿದುಹೋಯಿತು. ಕಟ್ಟೆಯ ಗಂಡಸರ ಮುಖ ನೋಡಿದ. ಅಪ್ಪನ ಹಕ್ಕು ಎತ್ತಿ ಹಿಡಿದವರೆಲ್ಲ ನೆಲ ನೋಡುತ್ತಿದ್ದರು. ಕೊನೆಗೆ ಕದಿರಿಯ ಕಡೆ ತಿರುಗಿದ. "ಕದಿರೀ, ಹೇಳೇ, ನನ್ನ ಮಗಳೇ ಅಂತ ಹೇಳೇ" ಅಂದ. ಕದಿರಿ ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಅಷ್ಟು ದೊಡ್ಡ ಹುಡುಗಿಯನ್ನು ಎತ್ತಿಕೊಂಡೇ ಕೇರಿಯುದ್ದ ನಡೆದು ಹೋದಳು. ನಾನು ತಿರುಗಿ ನೋಡಿದಾಗ ಸೊಣ್ಣಪ್ಪ ಗಂಗುಲಪ್ಪನ ಕೈಗೆ ಹಗ್ಗ ಬಿಗಿಯುತ್ತಿದ್ದ. ನನಗೆ ಅಯ್ಯೋ ಅನ್ನಿಸಲಿಲ್ಲ. ಅನ್ನಿಸಬೇಕು ಅಂತಲೂ ಅನ್ನಿಸಲಿಲ್ಲ.

ಹೊತ್ತು ಮುಳುಗುವ ಮೊದಲು ಕೋಲ್ಕಾರ ಬಂದು ಕದಿರಿಯ ಒಲೆಗೆ ಒಂದು ಕೊಡ ನೀರು ಸುರಿದ. ಮಡಕೆಗಳನ್ನು ಹೊರಗೆ ತಂದು ಒಡೆದ. ಇವಳಿಗೆ ಬೆಂಕಿ ಕೊಟ್ಟವರು, ಇವಳ ಜೊತೆ ಕೂತವರು, ಕೂತು ಉಂಡವರು ಯಾರೇ ಆಗಲಿ ಅವರೂ ಹೊರಗೆ ಅಂತ ಸಾರಿದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನನಗೂ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಹೆದರಿದ್ದೆ. ಹೌದು, ಹೆದರಿದ್ದೆ.

ಮಾರನೆಯ ದಿನ ಬಂಡೆಯ ಹತ್ತಿರ ಹೆಂಗಸರು ತಮ್ಮ ತಮ್ಮ ರಾಶಿಗಳನ್ನು ನೆರಳಿನ ಕಡೆ ಎಳೆದುಕೊಂಡರು. ಕದಿರಿ ಮತ್ತು ಚೌಡಿ ಮಾತ್ರ ಬಿಸಿಲಿನಲ್ಲಿ ಉಳಿದರು. ಮೇಸ್ತ್ರಿಗೆ ಯಾವ ಕುಲವಾದರೇನು, ಅಳತೆಯ ಪೆಟ್ಟಿಗೆ ತುಂಬಿದರೆ ಸಾಕು. ಚೌಡಿ ಯಾರನ್ನೂ ಅಣಕಿಸಲಿಲ್ಲ. ಒಂದು ಸಲ ನೀರು ಕೇಳಿದಳು, ನಮ್ಮ ಕಡೆ ನೋಡಿಕೊಂಡೇ. ಎಲ್ಲರ ಪಕ್ಕದಲ್ಲೂ ನೀರಿತ್ತು.

ಮುತ್ಯಾಲಮ್ಮ ಎದ್ದಳು. ಕೊಡ ಎತ್ತಿಕೊಂಡು ಹೋಗಿ ಆ ಹುಡುಗಿಯ ಬೊಗಸೆಗೆ ನೀರು ಹೊಯ್ದಳು. ಆಮೇಲೆ ವಾಪಸು ಬಂದು ತನ್ನ ಸಿಂಬಿ, ಸುತ್ತಿಗೆ ತೆಗೆದುಕೊಂಡು ಹೋಗಿ ಕದಿರಿಯ ಪಕ್ಕ ಕೂತಳು. ಕಲ್ಲು ಒಡೆಯತೊಡಗಿದಳು. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಿತೋ ಗೊತ್ತಿಲ್ಲ. ನಾನೂ ಎದ್ದೆ. ನನ್ನ ಹಿಂದೆ ಇನ್ನೂ ಕೆಲವರು ಎದ್ದರು, ಎಲ್ಲರೂ ಅಲ್ಲ.

ಸಂಜೆಗೆ ಕೋಲ್ಕಾರ ಬಂದ. ನಮ್ಮ ಹೆಸರುಗಳನ್ನು ಕೂಗಿದ. "ನಾಳೆ ನೀವೆಲ್ಲ ಕಟ್ಟೆಗೆ ಬರಬೇಕು."

"ಬರಲ್ಲ ಅಂತ ಹೇಳು" ಅಂದೆ ನಾನು. "ಇದನ್ನಾದ್ರೂ ಸರಿಯಾಗಿ ಹೇಳ್ತೀಯೋ, ಕಷ್ಟಸುಖ ಹೇಳ್ಕೊಂಡ್ರು ಅಂತೀಯೋ?"

ಅವನು ನಗಲಿಲ್ಲ. ಆಚೆ ಈಚೆ ನೋಡಿ ದನಿ ಇಳಿಸಿದ. ಅವನಿಗೂ ಹೆಣ್ಣುಮಕ್ಕಳಿದ್ದರಲ್ಲ.

"ಬೈರಕ್ಕಾ, ಗಂಗುಲಪ್ಪ ದಾರೀಲಿ ಗಾಡಿಯಿಂದ ಹಾರಿ ಓಡಿಹೋದ್ನಂತೆ. ಸೊಣ್ಣಪ್ಪ ತಿರುಗಿ ಬರ್ತಾವ್ನೆ, ಆಳುಗಳನ್ನ ಕಟ್ಕೊಂಡು. ಈ ಸಲ ಕಟ್ಟೆ ಗಿಟ್ಟೆ ಏನೂ ಕೇಳಲ್ಲ. ಕೂಸನ್ನ ಎಲ್ಲಾದ್ರೂ ಕಳಿಸಿಬಿಡಿ."

ಎಲ್ಲಿಗೆ ಕಳಿಸುವುದು? ಕದಿರಿಗೆ ಯಾರಿದ್ದಾರೆ? ಅವಳು ಚೌಡಿಯ ತಲೆಯ ಮೇಲಿನ ಕಲ್ಲುಪುಡಿ ಕೊಡವುತ್ತಿದ್ದಳು. "ಎಲ್ಲಿಗೂ ಕಳ್ಸಲ್ಲ" ಅಂದಳು. ಅಷ್ಟೇ ಅಂದಳು.

ದೂರದಲ್ಲಿ, ರಸ್ತೆಯ ಮೇಲೆ, ಧೂಳು ಎದ್ದಿತ್ತು. ಪಟಾಲಮ್ಮಿನ ಲಾರಿಯೋ, ಗಾಡಿಯೋ ತಿಳಿಯಲಿಲ್ಲ.

ಸುತ್ತಿಗೆಗಳು ಮೇಸ್ತ್ರಿಯವು. ದಿನಾ ಸಂಜೆ ಅವನ ಜೋಪಡಿಯಲ್ಲಿ ಒಪ್ಪಿಸಿ ಹೋಗಬೇಕು. ಅವತ್ತು ನಾವು ಒಪ್ಪಿಸಲಿಲ್ಲ. "ಎಲ್ರಮ್ಮಾ ಸುತ್ತಿಗೆ?" ಅಂತ ಅವನು ಕೂಗಿದ. "ನಾಳೆ ತರ್ತೀವಿ" ಅಂದಳು ಮುತ್ಯಾಲಮ್ಮ. ಚೌಡಿಯನ್ನು ನಡುವೆ ಹಾಕಿಕೊಂಡು, ಒಬ್ಬೊಬ್ಬರೂ ಕೈಯಲ್ಲೊಂದು ಸುತ್ತಿಗೆ ಹಿಡಿದುಕೊಂಡು, ನಾವು ಕೇರಿಯ ಕಡೆ ನಡೆದೆವು.